ಅಕ್ಕನ ಮೊಣಕೈ, ನನ್ನ ಮೊಣಕೈ

ನನ್ನ ಗಂಡನ ಅಕ್ಕನ ಬಗ್ಗೆ ಒಳ್ಳೆಯ ಮಾತು ಕೇಳಬೇಕಿದ್ದರೆ ನನ್ನನ್ನು ಬಿಟ್ಟು ಬೇರೆ ಯಾರನ್ನು ಬೇಕಾದರೂ ಕೇಳಿ. ಕೆಳಗಿನ ಮನೆಯವರು ಹೇಳುತ್ತಾರೆ, ಹಾಲು ಹಾಕುವವನು ಹೇಳುತ್ತಾನೆ, ನನ್ನನ್ನು ಹೆತ್ತ ಅಮ್ಮನೇ ಎರಡು ಕೈಯೆತ್ತಿ ಹೇಳುತ್ತಾಳೆ. ನಾನು ಹೇಳುವುದಾದರೆ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಅವರ ಮೇಲೆ ಹೊಟ್ಟೆಕಿಚ್ಚು. ಹನ್ನೊಂದು ವರ್ಷದ, ಚೆನ್ನಾಗಿ ಬಲಿತ ಹೊಟ್ಟೆಕಿಚ್ಚು. ಅವರ ಒಡವೆ ವಸ್ತುವಿನ ಮೇಲಲ್ಲ, ಅದೆಲ್ಲ ಅವರ ಹತ್ತಿರ ಇಲ್ಲವೇ ಇಲ್ಲ. ಹತ್ತಡಿ ಉದ್ದ, ಎಂಟಡಿ ಅಗಲದ ಒಂದು ಅಡುಗೆಮನೆಯ ಮೇಲೆ.

ಅಕ್ಕ ನನ್ನ ಗಂಡನಿಗಿಂತ ಹದಿನಾಲ್ಕು ವರ್ಷ ದೊಡ್ಡವರು. ತಾಯಿ ತೀರಿಕೊಂಡಾಗ ಅವರಿಗೆ ಇಪ್ಪತ್ತು, ತಮ್ಮನಿಗೆ ಆರು. ಆ ವರ್ಷವೇ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದರು. ಅದು ಮುಚ್ಚುವ ತನಕ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿದರು. ಅವರ ಮದುವೆಯ ಮಾತು ಬಂದಾಗಲೆಲ್ಲ ತಮ್ಮನ ಪರೀಕ್ಷೆ ಅಡ್ಡ ಬರುತ್ತಿತ್ತಂತೆ. ತಮ್ಮನ ಪರೀಕ್ಷೆಗಳೆಲ್ಲ ಮುಗಿಯುವ ಹೊತ್ತಿಗೆ ಮದುವೆಯ ಮಾತೂ ಮುಗಿದಿತ್ತು. ಇದನ್ನು ಅವರು ಎಂದೂ ಹೇಳಿಕೊಂಡು ತಿರುಗಲಿಲ್ಲ. ಹೇಳಿಕೊಂಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಬಾಯಿಬಿಟ್ಟು ತ್ಯಾಗ ಎನ್ನುವವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದು, ತುಟಿಪಿಟಕ್ಕೆನ್ನದವರ ಮೇಲೆ ಏನು ಮಾಡಿಕೊಳ್ಳುವುದು?

ಆಳು ಕುಳ್ಳಗೆ, ನನ್ನ ಭುಜಕ್ಕೆ ಬರುತ್ತಾರೆ. ನಾನು ನಮ್ಮ ಕಡೆಯವರೆಲ್ಲ ಏಣಿ ಎಂದು ಆಡಿಕೊಳ್ಳುವಷ್ಟು ಉದ್ದ. ಮದುವೆಯಾಗಿ ಬಂದ ವಾರದಲ್ಲೇ ನಾನು ಅಡುಗೆಮನೆಗೆ ಹೋಗಿ, ಏನಾದರೂ ಮಾಡಲೇ ಅಕ್ಕ ಎಂದು ಕೇಳಿದೆ. ಒಲೆಯ ಕಡೆಗೇ ಮುಖ ಮಾಡಿಕೊಂಡು ಅವರು, "ಲೈನಲ್ಲಿರಮ್ಮ" ಎಂದರು. ಕಾಯುತ್ತಿರು ಎನ್ನುವುದಕ್ಕೆ ಅವರ ಕೆಲಸದಿಂದ ಅಂಟಿಕೊಂಡು ಬಂದ ಮಾತು ಅದು. ಕಾಯಿ ತುರಿಯಲೇ ಎಂದರೂ ಲೈನಲ್ಲಿರು, ಉಪ್ಪಿನ ಡಬ್ಬಿ ಯಾವುದು ಎಂದರೂ ಲೈನಲ್ಲಿರು. ಕೆಟ್ಟ ದನಿಯಲ್ಲಿ ಹೇಳುತ್ತಿರಲಿಲ್ಲ, ಆದರೆ ಆಮೇಲೆ ತಿರುಗಿ ಬರುತ್ತಲೂ ಇರಲಿಲ್ಲ. ನಾನು ಬಾಗಿಲ ಪಕ್ಕದ ಎತ್ತರದ ಕಪಾಟಿಗೆ ಭುಜ ಒರಗಿಸಿಕೊಂಡು, ಕೈಯಲ್ಲಿ ಚಹಾ ಹಿಡಿದು ನಿಲ್ಲುತ್ತಿದ್ದೆ. ಹಾಗೆ ಹನ್ನೊಂದು ವರ್ಷ ನಾನು ಲೈನಿನಲ್ಲಿದ್ದೆ.

ನನ್ನ ಕೆಲಸ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ. ಅಲ್ಲಿ ಚೀಟಿ ಅಂಟಿಸದ ಒಂದು ಸೀಸೆ ಇದ್ದರೆ ಅದು ಅಪರಾಧ. ಇಲ್ಲಿ ಅಕ್ಕನ ಅಡುಗೆಮನೆಯಲ್ಲಿ ನಲವತ್ತಮೂರು ಸ್ಟೀಲ್ ಡಬ್ಬಿಗಳು, ಒಂದಕ್ಕೂ ಚೀಟಿಯಿಲ್ಲ. ಊರಿನ ಫೋನ್ ನಂಬರುಗಳನ್ನೆಲ್ಲ ನೆನಪಿಟ್ಟುಕೊಂಡಿದ್ದ ತಲೆಗೆ ನಲವತ್ತಮೂರು ಡಬ್ಬಿ ಯಾವ ಲೆಕ್ಕ. ಕೈ ಚಾಚಿದರೆ ಬೇಕಾದ್ದೇ ಸಿಗುತ್ತಿತ್ತು. ನಾನು ತೆಗೆದ ಡಬ್ಬಿಯಲ್ಲಿ ಯಾವಾಗಲೂ ಬೇಡವಾದದ್ದೇ ಇರುತ್ತಿತ್ತು. ಗಂಡ ತಟ್ಟೆಯ ಮುಂದೆ ಕೂತು, ಅಕ್ಕ ಇವತ್ತು ಚೆನ್ನಾಗಿದೆ ಎನ್ನುವಾಗ ನಾನು ಹಲ್ಲು ಕಚ್ಚಿಕೊಂಡು ತಿನ್ನುತ್ತಿದ್ದೆ. ಎಂಟು ವರ್ಷದ ಮಗಳು ಶಾಲೆಯಿಂದ ಬಂದವಳೇ ನನ್ನನ್ನು ದಾಟಿಕೊಂಡು "ಅತ್ತೇ" ಎಂದು ಅಡುಗೆಮನೆಗೆ ಓಡುತ್ತಿದ್ದಳು. ಅವಳಿಗೆ ಬಿದ್ದು ಗಾಯವಾದರೂ ಅತ್ತೆ, ಬಹುಮಾನ ಬಂದರೂ ಅತ್ತೆ. ಹೆತ್ತವಳು ನಾನು, ಬಾಗಿಲಿಗೆ ಒರಗಿದವಳೂ ನಾನೇ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಕಪಾಟುಗಳಿಗೆ ವಯಸ್ಸಾಗಿತ್ತು. ಇಪ್ಪತ್ತೈದು ವರ್ಷದ ಹಿಂದೆ ಅಕ್ಕ ಮಾಡಿಸಿದ್ದವು. ಸಿಂಕಿನ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿತ್ತು, ಒಂದು ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡುತ್ತಿತ್ತು, ಕೆಳಗಿನ ಡ್ರಾಯರನ್ನು ತೆಗೆಯಬೇಕಾದರೆ ಮೊದಲು ಮೊಣಕಾಲಲ್ಲಿ ಒಂದು ಏಟು ಹಾಕಬೇಕಿತ್ತು. ಜಿರಲೆಗಳಂತೂ ನಮಗಿಂತ ಹಕ್ಕಿನಿಂದ ಓಡಾಡುತ್ತಿದ್ದವು. ಬದಲಾಯಿಸೋಣ ಎಂದಾಗಲೆಲ್ಲ ಅಕ್ಕ, ಇನ್ನೂ ಗಟ್ಟಿಯಾಗಿದೆ ಬಿಡು ಎನ್ನುತ್ತಿದ್ದರು. ಅಷ್ಟರಲ್ಲಿ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಶಸ್ತ್ರಚಿಕಿತ್ಸೆಯಾದ ಮೇಲೆ ಒಂದು ತಿಂಗಳು ಹೊಗೆ, ಧೂಳು, ಬಗ್ಗುವ ಕೆಲಸ ಯಾವುದೂ ಕೂಡದು ಎಂದರು ಡಾಕ್ಟರು. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿ, ನಮ್ಮನೆಗೆ ಬಾ, ನೋಡಿಕೊಳ್ಳುತ್ತೇನೆ ಎಂದರು. ಹಾಗಾದರೆ ಕಪಾಟಿನ ಕೆಲಸ ಮುಗಿಸಲು ಇದೇ ಸರಿಯಾದ ಹೊತ್ತು ಎಂದ ನನ್ನ ಗಂಡ. ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ನನ್ನ ತಲೆಯಲ್ಲಿ ಇತ್ತು.

ಹೊರಡುವ ದಿನ ಅಕ್ಕ ಬಣ್ಣದ ಬಗ್ಗೆ, ಬಾಗಿಲಿನ ಬಗ್ಗೆ ಏನೂ ಕೇಳಲಿಲ್ಲ. ಚೀಲ ಎತ್ತಿಕೊಳ್ಳುತ್ತ ತಮ್ಮನಿಗೆ ಇಷ್ಟೇ ಹೇಳಿದರು.

"ಏನ್ ಬೇಕಾದ್ರೂ ಮಾಡ್ಸಿ. ಕಟ್ಟೆ ಎತ್ತರ ಮಾತ್ರ ಬದಲಾಯಿಸ್ಬೇಡಿ."

ಅವನು ಹ್ಞೂಂ ಎಂದು ಅಲ್ಲೇ ಮರೆತ. ನಾನು ಮರೆಯಲಿಲ್ಲ.

ನಮ್ಮ ಆಸ್ಪತ್ರೆಯ ನರ್ಸ್ ಒಬ್ಬರು ಹೇಳಿ ಕಳಿಸಿದ ಬಡಗಿಗೆ ಆ ಭಾಗದಲ್ಲೆಲ್ಲ ಮೊಣಕೈ ಮೇಸ್ತ್ರಿ ಎಂದೇ ಹೆಸರು. ಅರವತ್ತರ ಹತ್ತಿರದ ಮನುಷ್ಯ. ಕಿವಿಯ ಮೇಲೆ ಪೆನ್ಸಿಲು, ಕೈಯಲ್ಲಿ ತೆಳ್ಳಗಿನ ಒಂದು ಮರದ ಪಟ್ಟಿ. ಆತ ಒಂದೊಂದು ಮನೆಗೂ ಒಂದೊಂದು ಪಟ್ಟಿ ಇಡುತ್ತಾನಂತೆ. ಆ ಮನೆಯ ಅಳತೆಯೆಲ್ಲ ಅದರ ಮೇಲೆ ಗೆರೆಗಳಾಗಿ ಕೂರುತ್ತವೆ. ಬಂದವನು ಗೋಡೆ ನೋಡಲಿಲ್ಲ, ಕಿಟಕಿ ನೋಡಲಿಲ್ಲ. ಕಟ್ಟೆಯ ಮುಂದೆ ನಿಂತು ನನ್ನನ್ನು ನೋಡಿದ.

"ಇಲ್ಲಿ ನಿಂತು ಅಡುಗೆ ಮಾಡೋದು ಯಾರಮ್ಮ?"

"ನಾನೇ" ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಗಂಡ ಹಾಲಿನಲ್ಲಿ ಫೋನಿನಲ್ಲಿದ್ದ, ಕೇಳಿಸಲಿಲ್ಲ. ಮೇಸ್ತ್ರಿ ತನ್ನ ಜೇಬಿನಿಂದ ಒಂದು ಈರುಳ್ಳಿ ತೆಗೆದು ನನ್ನ ಕೈಗಿಟ್ಟ. ಹೆಚ್ಚಿ ತೋರಿಸಬೇಕು, ಸುಮ್ಮನೆ ನಿಂತಾಗ ಒಂದು ಅಳತೆ, ಕೆಲಸ ಮಾಡುವಾಗ ಇನ್ನೊಂದು ಅಳತೆ ಎಂದ. ನಾನು ಚಾಕು ತೆಗೆಯಲು ಹೋದೆ. ಮೊದಲ ಡ್ರಾಯರಿನಲ್ಲಿ ಚಮಚಗಳಿದ್ದವು, ಎರಡನೆಯದರಲ್ಲಿ ಲಟ್ಟಣಿಗೆ. ಮೂರನೆಯದು ಮೊಣಕಾಲಿನ ಏಟು ಕೇಳುವ ಡ್ರಾಯರು. ಏಟು ಹಾಕಿ ತೆಗೆದರೆ ಅದರಲ್ಲಿ ದಾರದುಂಡೆ. ಚಾಕು ಒಲೆಯ ಬಲಗಡೆಯ ಸಣ್ಣ ಡ್ರಾಯರಿನಲ್ಲಿತ್ತು. ಮೇಸ್ತ್ರಿ ಕೆಮ್ಮಲೂ ಇಲ್ಲ. ನಾನು ಹೆಚ್ಚುತ್ತಿರುವಾಗ ಪಟ್ಟಿಯನ್ನು ನೆಲಕ್ಕೂರಿ ನನ್ನ ಮೊಣಕೈಗೆ ಹಿಡಿದು, ಅಲ್ಲಿಂದ ಆರು ಬೆರಳು ಕೆಳಗೆ ಒಂದು ಗೆರೆ ಎಳೆದ. ಮೂವತ್ತಾರು ಇಂಚು. ಹಳೆಯ ಕಟ್ಟೆ ಮೂವತ್ತೊಂದು.

"ಐದು ಇಂಚು ಏರುತ್ತೆ" ಎಂದ. "ಏರಲಿ" ಎಂದೆ.

ಆಮೇಲೆ ಏನೇನು ಕಾದಿದೆ ಎಂದು ಆತ ಎಚ್ಚರಿಸಿದ. ಇಪ್ಪತ್ತು ದಿನ ಎಂದು ಹೇಳುತ್ತೇನೆ, ನೀವು ಇಪ್ಪತ್ತೈದು ಎಂದುಕೊಳ್ಳಿ. ಹಳೆಯ ಕಪಾಟು ಕಿತ್ತಾಗ ಹಿಂದೆ ಏನಾದರೊಂದು ಸಿಕ್ಕೇ ಸಿಗುತ್ತದೆ, ಒಂದೋ ಗೆದ್ದಲು, ಇಲ್ಲ ಒದ್ದೆ ಗೋಡೆ. ಯಾವ ಮನೆಯ ಗೋಡೆಯೂ ನೆಟ್ಟಗಿರುವುದಿಲ್ಲ, ಕಪಾಟು ಕೂರಿಸುವಾಗಲೇ ಅದು ಗೊತ್ತಾಗುವುದು. ಬಾಗಿಲು ಮುಚ್ಚಿದ ಬೀರುವಿನೊಳಗೆ ಮಡಿಸಿಟ್ಟ ಬಟ್ಟೆಗೂ ಧೂಳು ಹೋಗುತ್ತದೆ. ಫ್ರಿಜ್ ಬದಲಾಯಿಸುವ ಯೋಚನೆಯಿದ್ದರೆ ಈಗಲೇ ಅದರ ಅಳತೆ ಕೊಡಿ, ಆಮೇಲೆ ತಂದು ಅತ್ತರೆ ನಾನಿಲ್ಲ. ಕೊನೆಗೆ, ಇಪ್ಪತ್ತೈದು ದಿನ ಮನೆಯಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗಬಾರದು, ಆದರೆ ಆಗುತ್ತೀರಿ ಎಂದ. ನಾನು ನಕ್ಕೆ. ಸಿಟ್ಟಾಗಬೇಕಾದವರೇ ಮನೆಯಲ್ಲಿಲ್ಲವಲ್ಲ ಎಂದುಕೊಂಡೆ.

ಮರುದಿನದಿಂದ ಖಾಲಿ ಮಾಡುವ ಕೆಲಸ. ನಲವತ್ತಮೂರು ಡಬ್ಬಿಗಳನ್ನು ಹಾಲಿಗೆ ತಂದು ಸಾಲಾಗಿ ಇಟ್ಟೆ. ಒಂದೊಂದನ್ನೂ ತೆಗೆದು ಮೂಸಿ, ನಾಲಿಗೆಗೆ ತಾಗಿಸಿ, ಆಸ್ಪತ್ರೆಯ ದಪ್ಪಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಎಷ್ಟು ಖುಷಿಯಾಯಿತು ಎಂದರೆ, ಪರರ ಡೈರಿ ಓದುವಾಗಲೂ ಅಷ್ಟು ಆಗಲಾರದು. ಇನ್ನು ಈ ಮನೆಯಲ್ಲಿ ಯಾರು ಬೇಕಾದರೂ ಅಡುಗೆ ಮಾಡಬಹುದು. ಯಾರು ಬೇಕಾದರೂ ಎಂದರೆ ನಾನು.

ಹಾಲಿನ ಟೀಪಾಯಿಯ ಮೇಲೆ ಒಂದೇ ಒಲೆ ಇಟ್ಟುಕೊಂಡು ಅಡುಗೆ ಶುರುಮಾಡಿದೆ. ಪಾತ್ರೆ ತೊಳೆಯುವುದು ಬಚ್ಚಲಿನಲ್ಲಿ. ಅನ್ನದ ಪಾತ್ರೆ ಶಾಂಪೂ ಬಾಟಲಿಯ ಪಕ್ಕ ಬೋರಲು ಮಲಗುತ್ತಿತ್ತು. ಮೇಸ್ತ್ರಿಯೂ ಅವನ ತಮ್ಮನೂ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೀಳಲು, ಕೊಯ್ಯಲು ಶುರುಮಾಡಿದರೆ ಸಂಜೆಯವರೆಗೆ ಮನೆಯಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಮೂಗಿನೊಳಗೆ ಮರದ ಪುಡಿ, ಹಾಸಿಗೆಯಲ್ಲಿ ಮರದ ಪುಡಿ, ಸಾರಿನಲ್ಲೂ ಮರದ ಪುಡಿ. ಮಗಳು ತಟ್ಟೆ ಮುಂದಿಟ್ಟುಕೊಂಡು ಗಂಟು ಮುಖ ಹಾಕಿ ಕೂರುತ್ತಿದ್ದಳು. ಗಂಡ ಮಾತ್ರ ಪರವಾಗಿಲ್ಲ, ಚೆನ್ನಾಗಿಯೇ ಇದೆ ಎನ್ನುತ್ತಿದ್ದ. ಅವನು ಅಕ್ಕನಿಗೆ ಎಂದೂ ಪರವಾಗಿಲ್ಲ ಎಂದವನಲ್ಲ. ಮೈಯೆಲ್ಲ ಉರಿದುಹೋಗುತ್ತಿತ್ತು.

ದಿನಾ ಸಂಜೆ ಮಗಳು ಅತ್ತೆಗೆ ಫೋನ್ ಮಾಡುತ್ತಿದ್ದಳು. ನಾನು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ. ಆ ಕಡೆ ಅಕ್ಕನೂ ಗೆಳತಿಯೂ ಹಳೆಯ ಕಾಲದ ಏನನ್ನೋ ನೆನೆಸಿಕೊಂಡು ನಗುವುದು ಕೇಳುತ್ತಿತ್ತು. ಅಡುಗೆಮನೆ ಇಲ್ಲದೆ ಅವರು ಸೊರಗುತ್ತಾರೆ ಎಂದುಕೊಂಡಿದ್ದೆ. ಎಳ್ಳಷ್ಟೂ ಸೊರಗಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಒಮ್ಮೆ ಅವರು ತಮ್ಮನಿಗೆ ಫೋನ್ ಕೊಡಿಸಿ, ಕಟ್ಟೆಯ ಎತ್ತರ ಹೇಳಿದೆಯಾ ಎಂದು ಕೇಳಿದರು. ಅವನು ಕಾಗದಪತ್ರಗಳ ಮಧ್ಯದಿಂದ ತಲೆಯೆತ್ತದೆ, ಎಲ್ಲ ಹೇಳಿದ್ದೀವಿ ಅಕ್ಕ ಎಂದ. ನಾನು ಸಾರು ತಿರುವುತ್ತಲೇ ಇದ್ದೆ.

ಮೇಸ್ತ್ರಿ ಹೇಳಿದ್ದು ಸುಳ್ಳಾಗಲಿಲ್ಲ. ಸಿಂಕಿನ ಹಿಂದಿನ ಗೋಡೆ ಒದ್ದೆಯಾಗಿ, ಬೆರಳಿನಿಂದ ಕೆರೆದರೆ ಉದುರುತ್ತಿತ್ತು. ಎಷ್ಟೋ ವರ್ಷದಿಂದ ಪೈಪು ಒಳಗೊಳಗೇ ಅಳುತ್ತಿತ್ತು. ನಲ್ಲಿ ರಿಪೇರಿಯವರು ಬಂದು, ಗೋಡೆ ಒಡೆದು, ಪೈಪು ಬದಲಾಯಿಸಿ, ಗಾರೆ ಒಣಗುವಷ್ಟರಲ್ಲಿ ಸರಿಯಾಗಿ ಐದು ದಿನ ಹೋದವು. ಆ ಐದನೆಯ ದಿನ ಮಧ್ಯಾಹ್ನ, ನಾನು ಡ್ಯೂಟಿ ಮುಗಿಸಿ ಬಂದಾಗ, ಕಿತ್ತ ಕಪಾಟುಗಳನ್ನು ಸಾಗಿಸಲು ಹಾಲಿನಲ್ಲಿ ಒಟ್ಟಿದ್ದರು. ಮೇಸ್ತ್ರಿ ಎರಡು ತುಂಡುಗಳನ್ನು ಬೇರೆ ತೆಗೆದು ಗೋಡೆಗೆ ಆನಿಸಿಟ್ಟಿದ್ದ. ಇದನ್ನೊಂದು ನೋಡಿ ಹೋಗಿ ಎಂದ.

ಮೊದಲನೆಯದು ಒಲೆಯ ಮುಂದಿನ ಕಟ್ಟೆಯಂಚಿನ ಮರದ ಪಟ್ಟಿ. ಅದರ ನಡುವೆ ಒಂದು ಗೇಣು ಅಗಲಕ್ಕೆ ಮರ ಸವೆದು ತಗ್ಗಾಗಿತ್ತು, ಮುಟ್ಟಿದರೆ ನುಣ್ಣಗೆ ಜಾರುತ್ತಿತ್ತು. ಇದು ಕುಳ್ಳಗಿರುವವರ ಹೊಟ್ಟೆ ತಾಗಿ ಸವೆದದ್ದು, ಇಪ್ಪತ್ತು ವರ್ಷಕ್ಕೆ ಕಡಿಮೆಯಿಲ್ಲ ಎಂದ. ಎರಡನೆಯದು ಬಾಗಿಲ ಪಕ್ಕದ ಎತ್ತರದ ಕಪಾಟಿನ ಮಗ್ಗುಲ ಹಲಗೆ. ಅದರಲ್ಲಿ ಮೇಲ್ಗಡೆ ಒಂದು ಕಡೆ ಪಾಲಿಶು ಪೂರ್ತಿ ಹೋಗಿ ಬಿಳಿಚಿಕೊಂಡಿತ್ತು.

"ಇಲ್ಲಿ ಏನೂ ಇಡೋ ಜಾಗ ಇಲ್ಲ, ತೆಗೆಯೋ ಹಿಡಿ ಇಲ್ಲ" ಎಂದ ಮೇಸ್ತ್ರಿ. "ಯಾರೋ ತುಂಬಾ ವರ್ಷ ಒರಗಿಕೊಂಡು ನಿಂತಿದಾರೆ."

ನಾನು ಹೋಗಿ ಒರಗಿ ತೋರಿಸುವ ಅಗತ್ಯವೇ ಇರಲಿಲ್ಲ. ನಿಂತಲ್ಲಿಂದಲೇ ಗೊತ್ತಾಗುತ್ತಿತ್ತು, ಅದು ನನ್ನ ಭುಜದ ಎತ್ತರ. ಹನ್ನೊಂದು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ನಾನು ಮಾಡಿದ ಒಂದೇ ಒಂದು ಕೆಲಸದ ಗುರುತು ಅಲ್ಲಿತ್ತು. ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು. ಪಾಲಿಶು ಹೋಗುವಷ್ಟು ಕಾಲ ಒಬ್ಬಳನ್ನು ಅಲ್ಲಿ ನಿಲ್ಲಿಸಿದ್ದು ಯಾರು?

"ಕಟ್ಟೆ ಕೆಳಗಿನ ಕಪಾಟು ಇನ್ನೂ ಕೊಯ್ದಿಲ್ಲ" ಎಂದ ಮೇಸ್ತ್ರಿ, ನನ್ನ ಮುಖ ನೋಡದೆ. "ಅಳತೆ ಯಾರದ್ದು ಇಡಲಿ?"

"ನಾನು ಕೊಟ್ಟಿದ್ದೇ ಇಡಿ" ಎಂದೆ.

ಆತ ಹಲಗೆಯನ್ನು ಹೊತ್ತುಕೊಂಡು ಕೆಳಗಿಳಿದ.

ಹೊಸ ಅಡುಗೆಮನೆ ಚೆನ್ನಾಗಿ ಬಂತು, ಅದನ್ನು ಅಲ್ಲವೆನ್ನುವಂತಿಲ್ಲ. ತಿಳಿ ಹಸಿರು ಬಾಗಿಲುಗಳು, ಮೆಲ್ಲಗೆ ತಳ್ಳಿದರೆ ತಾವೇ ಹೋಗಿ ಮುಚ್ಚಿಕೊಳ್ಳುವ ಡ್ರಾಯರುಗಳು. ಒಂದೆರಡು ವಿಷಯಕ್ಕೆ ನಾನು ಮೂಗು ಮುರಿದೆ. ಕಟ್ಟೆಯ ಕಲ್ಲು ಒಂದೇ ಉದ್ದಕ್ಕೆ ಇರದೆ ಒಲೆ ಮತ್ತು ಸಿಂಕಿನ ನಡುವೆ ಎರಡು ಕಲ್ಲು ಸೇರಿಸಿದ ಕೂಡು ಕಾಣುತ್ತಿತ್ತು. ಕೇಳಿದರೆ, ಉದ್ದದ ಕಲ್ಲು ಮೆಟ್ಟಿಲು ತಿರುಗುವಾಗ ಸೀಳುತ್ತದೆ ಎಂದ ಮೇಸ್ತ್ರಿ. ಬುಡದಲ್ಲಿ ನೆಲಕ್ಕೆ ತಾಗಿದ ಪಟ್ಟಿಗೆ ಮೊಳೆ ಹೊಡೆಯದೆ ಸ್ಕ್ರೂ ಹಾಕಿದ್ದ, ಕಪಾಟು ಕೂರಿಸುವ ಮೊದಲೇ ಗೋಡೆಯ ಟೈಲ್ಸನ್ನು ಕಟ್ಟೆಗಿಂತ ಕೆಳಗಿನಿಂದ ಹಾಕಿಸಿದ್ದ. ಅದಕ್ಕೂ ಏನೋ ಉತ್ತರ ಕೊಟ್ಟ. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚಿದೆ. ಬೆನ್ನು ಬಗ್ಗಲಿಲ್ಲ, ಭುಜ ಏರಲಿಲ್ಲ. ನನಗೋಸ್ಕರವೇ ಮಾಡಿದ ಜಾಗದಲ್ಲಿ ನಿಲ್ಲುವ ಸುಖ ಅದು. ಅಕ್ಕ ಇದನ್ನು ಇಪ್ಪತ್ತೈದು ವರ್ಷ ಒಬ್ಬರೇ ಉಂಡಿದ್ದರಲ್ಲ ಎಂದು ಮತ್ತೆ ಹೊಟ್ಟೆ ಉರಿಯಿತು.

ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಮಗಳು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸಿದಳು. ಅಕ್ಕ ಕನ್ನಡಕ ತೆಗೆದರು. ಬಾಗಿಲು ನೋಡಿದರು, ಡ್ರಾಯರು ಎಳೆದು ಬಿಟ್ಟು ಅದು ಮುಚ್ಚಿಕೊಳ್ಳುವುದನ್ನು ನೋಡಿದರು. ಒಲೆಯ ಮುಂದೆ ಹೋಗಿ ಕಟ್ಟೆಯ ಮೇಲೆ ಎರಡೂ ಕೈ ಇಟ್ಟರು. ಹಳೆಯ ಕಟ್ಟೆಯ ಮೇಲೆ ಅಂಗೈ ಊರಿ ನಿಲ್ಲುತ್ತಿದ್ದವರ ಮೊಣಕೈ ಈಗ ಕಲ್ಲಿಗೆ ಸಮವಾಗಿತ್ತು. ಗೊತ್ತಾಯಿತು ಅವರಿಗೆ. ನಾನು ನೋಡುತ್ತಿದ್ದೆ, ಗೊತ್ತಾಗಿದ್ದು ನನಗೂ ಗೊತ್ತಾಯಿತು. ಜಗಳ ಬರಲಿ ಎಂದು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ. ಅವರು ಚೆನ್ನಾಗಿದೆ ಎಂದರು, ಅಷ್ಟೇ. ಗಂಡ ಮಾತ್ರ, ಸ್ವಲ್ಪ ಎತ್ತರವಾಯಿತೇನೋ ಎಂದು ರಾಗ ತೆಗೆದ. ಈಗ ಎಲ್ಲ ಕಡೆ ಇದೇ ಅಳತೆ ಎಂದೆ. ಅವನು ಪೇಪರು ಹುಡುಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ ಬರುವಾಗ ಅಕ್ಕ ಒಲೆಯ ಮುಂದೆ ತುದಿಗಾಲಲ್ಲಿ ನಿಂತು ಪಾತ್ರೆಯೊಳಗೆ ಇಣುಕುತ್ತಿದ್ದರು. ಹಬೆ ನೇರ ಮುಖಕ್ಕೆ ಹೊಡೆಯುತ್ತಿತ್ತು. ನನ್ನ ಹೆಜ್ಜೆ ಕೇಳಿ ಸೌಟನ್ನು ಇದ್ದಲ್ಲೇ ಇಟ್ಟರು.

"ಕಣ್ಣಿಗೆ ಇನ್ನೂ ಅಭ್ಯಾಸ ಆಗಿಲ್ಲಮ್ಮ. ನೀನೇ ಮಾಡು" ಎಂದರು.

ಕಟ್ಟೆಯನ್ನು ಬಯ್ಯಲಿಲ್ಲ, ನನ್ನನ್ನು ಬಯ್ಯಲಿಲ್ಲ, ತಮ್ಮ ಕಣ್ಣಿನ ಮೇಲೆ ಹಾಕಿಕೊಂಡರು. ಅಲ್ಲಿಂದ ಹಿಂದೆ ಸರಿದು, ಬಾಗಿಲ ಪಕ್ಕದ ಎತ್ತರದ ಹೊಸ ಕಪಾಟಿಗೆ ತಲೆ ಆನಿಸಿ ನಿಂತರು. ನನ್ನ ಜಾಗದಲ್ಲಿ.

ಗೆದ್ದವಳು ನಾನು. ಹತ್ತು ದಿನ ಗೆದ್ದವಳ ಹಾಗೆಯೇ ಅಡುಗೆ ಮಾಡಿದೆ. ಆದರೆ ಬೆನ್ನ ಹಿಂದೆ ಎರಡು ಕಣ್ಣುಗಳಿದ್ದರೆ ಕೈಗೆ ಎಂಥ ತಡವರಿಕೆ ಬರುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅದೂ ಹೊಸದಾಗಿ ಪೊರೆ ತೆಗೆಸಿಕೊಂಡ ಕಣ್ಣುಗಳು. ನಿಂತಲ್ಲಿಂದಲೇ ಅಕ್ಕ ನನ್ನ ಚೀಟಿಗಳನ್ನೆಲ್ಲ ಓದಿದರು. ಮೂರನೆಯ ದಿನ ಮೆತ್ತಗೆ, ಆ ಜೀರಿಗೆ ಅಂತ ಬರೆದಿರೋದು ಸೋಂಪು ಎಂದರು. ಔಷಧಿ ಕೌಂಟರಿನವಳಿಗೆ ಇದಕ್ಕಿಂತ ಅವಮಾನ ಬೇಕೆ? ಚೀಟಿ ಕಿತ್ತು ಬೇರೆ ಬರೆದೆ.

ಅದು ಹಾಗಿರಲಿ. ನನ್ನನ್ನು ನಿಜವಾಗಿ ಸುಟ್ಟದ್ದು ಬೇರೆ. ಮಗಳು ಶಾಲೆಯಿಂದ ಬಂದವಳು ಈಗಲೂ ಅಡುಗೆಮನೆಗೇ ಓಡಿ ಬರುತ್ತಿದ್ದಳು, ಆದರೆ ಬಾಗಿಲಲ್ಲೇ ನಿಲ್ಲುತ್ತಿದ್ದಳು. ಅತ್ತೆಯ ಸೊಂಟ ತಬ್ಬಿಕೊಂಡು ಶಾಲೆಯ ಕಥೆಯೆಲ್ಲ ಅಲ್ಲೇ ಬಿಚ್ಚುತ್ತಿದ್ದಳು. ಗಂಡ ಆಫೀಸಿನಿಂದ ಬಂದರೆ ಅವನೂ ಅಲ್ಲೇ, ಚಹಾ ಹಿಡಿದು. ಮೂವರೂ ಸೇರಿ ಅಲ್ಲಿ ನಗುತ್ತಿದ್ದರು. ನಾನು ಒಲೆಯ ಮುಂದೆ, ಅವರಿಗೆ ಬೆನ್ನು ಮಾಡಿ, ಕಿವಿಯನ್ನೆಲ್ಲ ಹಿಂದೆ ಇಟ್ಟುಕೊಂಡು ನಿಂತಿರುತ್ತಿದ್ದೆ. ಏನಾಯಿತು, ಯಾಕೆ ನಗುತ್ತಿದ್ದೀರಿ ಎಂದು ಕೇಳಿದರೆ ಒಗ್ಗರಣೆಯ ಸದ್ದಿನಲ್ಲಿ ಉತ್ತರ ಕೇಳುತ್ತಿರಲಿಲ್ಲ. ಹನ್ನೊಂದು ವರ್ಷ ಬಾಗಿಲಲ್ಲಿ ನಿಂತು ಒಲೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು, ಈಗ ಒಲೆಯ ಮುಂದೆ ನಿಂತು ಬಾಗಿಲಿನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ. ನನ್ನ ಹಣೆಬರಹಕ್ಕೆ ನನಗೇ ನಗು ಬಂತು, ಆದರೆ ನಗಲಿಲ್ಲ.

ಒಂದು ಭಾನುವಾರ ಕಪಾಟು ಒರೆಸುತ್ತಿದ್ದಾಗ, ಆ ಎತ್ತರದ ಕಪಾಟಿನ ಮಗ್ಗುಲಲ್ಲಿ ಒಂದು ಜಿಡ್ಡಿನ ಕಲೆ ಕಂಡಿತು. ಅಕ್ಕನ ತಲೆಯ ಎಣ್ಣೆಯ ಗುರುತು. ನನ್ನ ಎದೆಯ ಎತ್ತರಕ್ಕಿತ್ತು. ಸೋಪು ಹಾಕಿ ಉಜ್ಜಿದೆ, ಹೋಯಿತು. ಮಾರನೆಯ ದಿನ ಮತ್ತೆ ಅಲ್ಲೇ. ಮತ್ತೆ ಉಜ್ಜಿದೆ. ಮೂರನೆಯ ದಿನ ಬಟ್ಟೆ ಹಿಡಿದುಕೊಂಡು ಅದರ ಮುಂದೆ ನಿಂತವಳಿಗೆ ಉಜ್ಜಲು ಕೈ ಬರಲಿಲ್ಲ. ಇದು ಹೊಸ ಕಾಲದ ಹಲಗೆ, ಹನ್ನೊಂದು ವರ್ಷ ಒರಗಿದರೂ ಸವೆಯುವುದಿಲ್ಲ. ಒಬ್ಬರು ಇಲ್ಲಿ ನಿಂತಿದ್ದರು ಎಂದು ತೋರಿಸಲು ಯಾವ ಮೇಸ್ತ್ರಿಗೂ ಏನೂ ಸಿಗುವುದಿಲ್ಲ. ನನಗಾದರೂ ಒಂದು ಗುರುತು ಸಿಕ್ಕಿತ್ತು. ಅಳು ಬಂತು, ಬಟ್ಟೆಯನ್ನು ಸಿಂಕಿಗೆ ಎಸೆದು ಫೋನ್ ತೆಗೆದುಕೊಂಡೆ.

ಕಟ್ಟೆಯನ್ನು ಇಳಿಸಲು ಆಗುತ್ತದೆಯೇ ಎಂದು ಕೇಳಿದಾಗ ಮೇಸ್ತ್ರಿ ಏನೂ ಆಶ್ಚರ್ಯ ತೋರಿಸಲಿಲ್ಲ. ಬುಧವಾರ ತನ್ನ ತಮ್ಮನನ್ನು ಕರೆದುಕೊಂಡು ಬಂದ. ನೆಲಕ್ಕೆ ಕೂತು ಒಲೆಯ ಕಡೆಯ ಬುಡದ ಪಟ್ಟಿಯ ಸ್ಕ್ರೂ ಬಿಚ್ಚಿ, ನೋಡಿ ಎಂದ. ಬಗ್ಗಿ ನೋಡಿದೆ. ಕಪಾಟು ಮೂವತ್ತೊಂದಿಂಚಿನದೇ. ಅದರ ಕೆಳಗೆ ಐದಿಂಚಿನ ಬೇರೆಯೇ ಒಂದು ಪೀಠ ಮಾಡಿ ಅದರ ಮೇಲೆ ಕೂರಿಸಿದ್ದ. ಕಲ್ಲಿನ ಕೂಡು ಯಾಕೆ ಅಲ್ಲಿತ್ತು, ಗೋಡೆಯ ಟೈಲ್ಸನ್ನು ಯಾಕೆ ಅಷ್ಟು ಕೆಳಗಿನಿಂದ ಹಾಕಿಸಿದ್ದ ಎಂಬುದೆಲ್ಲ ಆಗ ಅರ್ಥವಾಯಿತು. ಸಿಂಕಿನ ಕಡೆ ನನ್ನ ಎತ್ತರವೇ ಉಳಿಯುತ್ತದೆ, ಒಲೆಯ ಕಡೆ ಮಾತ್ರ ಇಳಿಯುತ್ತದೆ ಎಂದ.

"ನಾನು ಫೋನ್ ಮಾಡ್ತೀನಿ ಅಂತ ಗೊತ್ತಿತ್ತಾ?"

"ಬೇಗ ಮಾಡಿದ್ರಿ" ಎಂದ. "ಇನ್ನೊಂದು ಮನೇಲಿ ಎರಡು ವರ್ಷ ತಗೊಂಡ್ರು."

ಮಧ್ಯಾಹ್ನ ಮೂರರ ಹೊತ್ತಿಗೆ ಒಲೆಯ ಕಡೆಯ ಕಪಾಟು ಕೆಳಗಿಳಿದು ಕೂತಿತು. ಕಲ್ಲು ಅಂಟಿಸುವ ಮೊದಲು ನಿಲ್ಲುವವರು ಒಮ್ಮೆ ನಿಂತು ನೋಡಬೇಕು ಎಂದ ಮೇಸ್ತ್ರಿ. ಮಲಗುವ ಕೋಣೆಯಲ್ಲಿ ಸದ್ದಿಗೆ ಬಾಗಿಲು ಮುಚ್ಚಿಕೊಂಡು ಕೂತಿದ್ದ ಅಕ್ಕನನ್ನು ನಾನೇ ಹೋಗಿ ಕರೆತಂದೆ. ಏನು, ಯಾಕೆ ಎಂದು ವಿವರಿಸಲಿಲ್ಲ, ಕ್ಷಮಿಸಿ ಎಂದೂ ಹೇಳಲಿಲ್ಲ. ಅವರು ಕಟ್ಟೆಯ ಮುಂದೆ ನಿಂತು ಅಂಗೈ ಊರಿದರು. ಮುಖದಲ್ಲಿ ಏನೋ ಆಯಿತು, ಕೂಡಲೇ ಅದನ್ನು ಸರಿಮಾಡಿಕೊಂಡರು. ಮೇಸ್ತ್ರಿ ಜೇಬಿನಿಂದ ಈರುಳ್ಳಿ ತೆಗೆದು ಅವರ ಮುಂದಿಟ್ಟು, ಪಟ್ಟಿಯನ್ನು ನೆಲಕ್ಕೂರಿ ಕಾದ.

ಅಕ್ಕ ಈರುಳ್ಳಿಯ ಮೇಲೆಯೇ ಕಣ್ಣಿಟ್ಟು ಬಲಗೈಯನ್ನು ಪಕ್ಕದ ಸಣ್ಣ ಡ್ರಾಯರಿಗೆ ಹಾಕಿದರು. ಇಪ್ಪತ್ತೈದು ವರ್ಷ ಚಾಕು ಇದ್ದ ಜಾಗ. ನಾನು ಜೋಡಿಸಿದ ಮೇಲೆ ಅಲ್ಲಿ ಒರೆಸುವ ಬಟ್ಟೆಗಳಿದ್ದವು. ಅವರ ಕೈ ಒಳಗೆ ತಡಕಾಡಿತು. ಇನ್ನೊಂದು ಡ್ರಾಯರು ಎಳೆದರು, ಮತ್ತೊಂದು ಎಳೆದರು. ಮೇಸ್ತ್ರಿ ಈ ಸಲವೂ ಕೆಮ್ಮಲಿಲ್ಲ. ಕೊನೆಗೆ ಅಕ್ಕ ತಿರುಗಿ, ತಲೆಯೆತ್ತಿ ನನ್ನನ್ನು ನೋಡಿದರು.

"ಚಾಕು ಎಲ್ಲಿಟ್ಟಿದೀಯಮ್ಮ?"

ಆ ಅಡುಗೆಮನೆಯಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಸಿಂಕಿನ ಎಡಗಡೆ, ಎರಡನೆಯ ಡ್ರಾಯರು, ಚಮಚಗಳ ಪಕ್ಕ. ಆದರೆ ಹನ್ನೊಂದು ವರ್ಷದ ಹೊಟ್ಟೆಕಿಚ್ಚು ಒಂದೇ ಮಧ್ಯಾಹ್ನದಲ್ಲಿ ಎಲ್ಲಿಗೆ ಹೋಗುತ್ತದೆ?

"ಲೈನಲ್ಲಿರಿ, ಅಕ್ಕ" ಎಂದೆ.

ಅವರು ಕಾದರು. ನಾನು ಚಾಕು ತೆಗೆದುಕೊಂಡು ಬಂದೆ.